ಬರೆದ ಸಂಖ್ಯೆ, ಎಣಿಸಿದ ಸಂಖ್ಯೆ: ಪ್ರಾಚೀನ ನಾಗರಿಕತೆಗಳ ಅಂಕಲೇಖನವನ್ನು ಕುರಿತು

ಪ್ರಾಚೀನ ಜನಾಂಗಗಳ ಗಣಿತಜ್ಞಾನದ ಪ್ರಸ್ತಾಪವು ನಮ್ಮ ತರಗತಿಗಳಲ್ಲಿ ಬಂದಾಗಲೆಲ್ಲ ಚರ್ಚೆಯು ಬಹು ಬೇಗನೆ ಒಂದೇ ಪ್ರಶ್ನೆಗೆ ಬಂದು ನಿಲ್ಲುವುದುಂಟು: ಸೊನ್ನೆಯನ್ನು ಕಂಡುಹಿಡಿದವರು ಯಾರು? ಒಬ್ಬರು ಬ್ಯಾಬಿಲೋನಿಯದವರೆನ್ನುತ್ತಾರೆ, ಮತ್ತೊಬ್ಬರು ಭಾರತೀಯರೆಂದು ಪ್ರತಿಪಾದಿಸುತ್ತಾರೆ, ಮೂರನೆಯವರು ಮಧ್ಯ ಅಮೆರಿಕದ ಮಾಯಾ ಜನರನ್ನು ನೆನಪಿಸುತ್ತಾರೆ. ಮೂವರ ಮಾತಿಗೂ ಒಂದಲ್ಲ ಒಂದು ಆಧಾರವಿರುವುದರಿಂದ ವಾದವು ಮುಗಿಯುವುದೇ ಇಲ್ಲ. ಪ್ರಶ್ನೆಯು ಅಯುಕ್ತವೆಂದು ನಾನು ಹೇಳುವುದಿಲ್ಲ. ಅದನ್ನು ಕೇಳುವ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ ಎಂಬುದಷ್ಟೇ ನನ್ನ ವಿಜ್ಞಾಪನೆ. ನಮ್ಮ ಕೈಗೆ ಸಿಕ್ಕಿರುವ ಒಂದು ಪ್ರಾಚೀನ ಸಂಖ್ಯೆಯನ್ನು ಯಾರು, ಯಾವ ಕೆಲಸಕ್ಕಾಗಿ, ಯಾವುದರ ಮೇಲೆ ಬರೆದರು? ದಾಖಲೆಯಾಗಿ ಉಳಿಯಲೆಂದು ಬರೆದ ಸಂಖ್ಯೆಯು ಒಂದು ಬಗೆಯದು. ಕೂಡಿ, ಕಳೆದು, ಗುಣಿಸುವಾಗ ಕೈಯಲ್ಲಿ ಹಿಡಿದ ಸಂಖ್ಯೆಯು ಇನ್ನೊಂದು ಬಗೆಯದು. ಪ್ರಾಚೀನ ನಾಗರಿಕತೆಗಳಲ್ಲಿ ಬಹುಪಾಲು ಇವೆರಡೂ ಬೇರೆಬೇರೆಯಾಗಿದ್ದುವು. ಈ ಭೇದವನ್ನು ಮರೆತು ಶಿಲೆಯ ಮೇಲಿನ ಅಂಕಿಗಳಿಂದಲೇ ಗಣಿತದ ಕಾಲವನ್ನು ನಿರ್ಣಯಿಸಹೊರಟರೆ ಎಂತಹ ತಪ್ಪು ತೀರ್ಮಾನಕ್ಕೆ ಬರುತ್ತೇವೆಂಬುದನ್ನು ಕೆಲವು ನಿದರ್ಶನಗಳ ಮೂಲಕ ತೋರಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಪ್ರಪಂಚದಲ್ಲಿ ಈಗ ಉಪಲಬ್ಧವಾಗಿರುವ ಅತಿ ಪ್ರಾಚೀನ ಬರಹಗಳು ದಕ್ಷಿಣ ಇರಾಕಿನ ಉರುಕ್ ನಗರದಲ್ಲಿ ದೊರೆತ ಜೇಡಿಮಣ್ಣಿನ ಫಲಕಗಳು. ಇವು ಸುಮಾರು ಕ್ರಿ. ಪೂ. ೩೩೦೦ರಿಂದ ಈಚೆಗಿನವು. ಇವುಗಳಲ್ಲಿ ರಾಜರ ಸ್ತುತಿಯಿಲ್ಲ, ದೇವರ ಸ್ತೋತ್ರವಿಲ್ಲ. ಬಹುಪಾಲು ಕುರಿ, ಬಾರ್ಲಿ, ರೊಟ್ಟಿ, ಮದ್ಯ, ಆಳುಗಳ ಲೆಕ್ಕವಿದೆ. ಬರವಣಿಗೆಯ ಜನ್ಮಸ್ಥಾನವನ್ನು ಕವಿಯ ಮನೆಯಲ್ಲಿ ಹುಡುಕುವುದು ನಮಗೆಲ್ಲ ಪ್ರಿಯವಾದರೂ ಅದು ದೊರೆಯುವುದು ದೇಗುಲದ ಉಗ್ರಾಣದಲ್ಲಿ. ಬರವಣಿಗೆಗೂ ಹಿಂದೆ ಮಣ್ಣಿನಿಂದ ಮಾಡಿದ ಸಣ್ಣ ಶಂಕುಗಳು, ಗುಂಡುಗಳು, ಬಿಲ್ಲೆಗಳು ಆ ಪ್ರದೇಶದಲ್ಲಿ ಸಾವಿರಾರು ವರ್ಷ ಬಳಕೆಯಲ್ಲಿದ್ದುವು. ಇವು ಎಣಿಕೆಯ ಕಾಯಿಗಳೆಂದೂ, ಇವುಗಳನ್ನು ಟೊಳ್ಳಾದ ಮಣ್ಣಿನ ಉಂಡೆಗಳಲ್ಲಿ ಮುಚ್ಚಿ ಉಂಡೆಯ ಹೊರಮೈಮೇಲೆ ಒತ್ತಿದ ಗುರುತುಗಳೇ ಮೊದಲ ಅಂಕಿಗಳಾದುವೆಂದೂ ಡೆನಿಸ್ ಶ್ಮಾಂಟ್-ಬೆಸೆರಾ ಎಂಬ ವಿದುಷಿ ೧೯೭೦ರ ದಶಕದಿಂದ ಪ್ರತಿಪಾದಿಸಿದರು. ಎಲ್ಲ ಕಾಯಿಗಳೂ ಲೆಕ್ಕಕ್ಕೇ ಮೀಸಲಾಗಿದ್ದುವೆಂಬುದನ್ನು ಒಪ್ಪದ ವಿದ್ವಾಂಸರಿದ್ದಾರೆ. ಆದರೆ ಉಂಡೆಯ ಮೇಲಿನ ಗುರುತಿಗೂ ಫಲಕದ ಮೇಲಿನ ಅಂಕಿಗೂ ಇರುವ ಸಂಬಂಧವನ್ನು ಅಲ್ಲಗಳೆಯುವುದು ಕಷ್ಟ.

ಬರವಣಿಗೆ ಬಂದೊಡನೆ ಕಾಯಿಗಳು ಮಾಯವಾಗಲಿಲ್ಲವೆಂಬುದು ಇನ್ನೂ ಗಮನಾರ್ಹ. ಉತ್ತರ ಇರಾಕಿನ ನೂಝಿ ಎಂಬಲ್ಲಿ ದೊರೆತ ಒಂದು ಮಣ್ಣಿನ ಉಂಡೆಯು ಉರುಕಿನ ಫಲಕಗಳಿಗಿಂತ ಸುಮಾರು ಒಂದೂಮುಕ್ಕಾಲು ಸಾವಿರ ವರ್ಷ ಈಚಿನದು. ಅದರ ಮೇಲೆ ಕುರಿ ಮೇಕೆಗಳ ಪಟ್ಟಿಯನ್ನು ಬೆಣೆಲಿಪಿಯಲ್ಲಿ ಬರೆದಿದೆ. ಒಳಗೆ ೪೯ ಕಾಯಿಗಳಿದ್ದುವು. ಪಟ್ಟಿಯಲ್ಲಿರುವ ಪ್ರಾಣಿಗಳ ಸಂಖ್ಯೆಯೂ ಅಷ್ಟೇ. ಓದು ಬಾರದ ಕುರುಬನಿಗೆ ಕಾಯಿಗಳು, ಓದುಬಲ್ಲ ಕರಣಿಕನಿಗೆ ಅಕ್ಷರಗಳು ಎಂದು ಭಾವಿಸಿದರೆ ತಪ್ಪಾಗಲಾರದು. ಒಂದೇ ಲೆಕ್ಕವು ಒಂದೇ ಉಂಡೆಯಲ್ಲಿ ಎರಡು ರೂಪಗಳನ್ನು ತಳೆದಿದೆ.

ಉರುಕಿನ ಅಂಕಿಗಳ ಸ್ವಭಾವವು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಹ್ಯಾನ್ಸ್ ನಿಸ್ಸೆನ್, ಪೀಟರ್ ಡಾಮೆರೊ, ರಾಬರ್ಟ್ ಇಂಗ್ಲಂಡ್ ಎಂಬ ವಿದ್ವಾಂಸರು ಈ ಫಲಕಗಳನ್ನು ಪರಿಶೋಧಿಸಿ, ಅಲ್ಲಿ ಒಂದಲ್ಲ, ಹತ್ತಕ್ಕೂ ಮಿಕ್ಕಿದ ಸಂಖ್ಯಾಕ್ರಮಗಳಿದ್ದುವೆಂದು ಸ್ಥಾಪಿಸಿದ್ದಾರೆ. ಲೇಖನಿಯ ದುಂಡು ತುದಿಯಿಂದ ಒತ್ತಿದ ಒಂದು ಸಣ್ಣ ವೃತ್ತವು ಕುರಿಗಳನ್ನು ಎಣಿಸುವಾಗ ಮೂಲಮಾನದ ಹತ್ತರಷ್ಟನ್ನು ಸೂಚಿಸುತ್ತದೆ. ಅದೇ ವೃತ್ತವು ಬಾರ್ಲಿಯನ್ನು ಅಳೆಯುವಾಗ ಮೂಲಮಾನದ ಆರರಷ್ಟು. ಹೊಲದ ವಿಸ್ತೀರ್ಣವನ್ನು ಹೇಳುವಾಗ ಹದಿನೆಂಟರಷ್ಟು. ಅಂದರೆ 'ಹತ್ತು' ಎಂಬ ಅಮೂರ್ತ ಸಂಖ್ಯೆಗೆ ಅಲ್ಲಿ ಚಿಹ್ನೆಯೇ ಇರಲಿಲ್ಲ. ಹತ್ತು ಕುರಿಗೆ, ಆರು ಅಳತೆ ಬಾರ್ಲಿಗೆ, ಹದಿನೆಂಟು ತುಂಡು ನೆಲಕ್ಕೆ ಚಿಹ್ನೆಯಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಹದಿನಾರು ಆಣೆಗೆ ಒಂದು ರೂಪಾಯಿ ಎಂದು ಲೆಕ್ಕವಿಟ್ಟ ನಮ್ಮ ಹಳೆಯ ಕಡತಗಳನ್ನು ನೋಡಿದವರಿಗೆ ಇದು ಅಷ್ಟೇನೂ ಅಪರಿಚಿತವಾಗಿ ಕಾಣಲಾರದು. ೧೯೫೭ರ ಏಪ್ರಿಲಿನಲ್ಲಿ ದಶಮಾನ ನಾಣ್ಯವು ಬರುವ ತನಕ ನಮ್ಮ ಅಂಗಡಿಕಾರನೂ ಹಣಕ್ಕೊಂದು, ಧಾನ್ಯಕ್ಕೊಂದು, ನೆಲಕ್ಕೊಂದು ಏಣಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ವ್ಯವಹರಿಸುತ್ತಿದ್ದನು.

ಈ ಬಹುವಿಧ ಕ್ರಮಗಳ ನಡುವೆ ಓಡಾಡಬೇಕಾದ ಕರಣಿಕನ ಕಷ್ಟವೇ ಸ್ಥಾನಬೆಲೆಯ ಪದ್ಧತಿಗೆ ಕಾರಣವಾಯಿತೆಂದು ತೋರುತ್ತದೆ. ಕ್ರಿ. ಪೂ. ೨೧ನೆಯ ಶತಮಾನದಲ್ಲಿ ಊರ್ ನಗರದ ಮೂರನೆಯ ರಾಜವಂಶದವರು ಆಳುತ್ತಿದ್ದಾಗ ಮೆಸೊಪೊಟೇಮಿಯದ ಆಡಳಿತವು ಬಹಳ ವಿಸ್ತಾರವಾಗಿ ಬೆಳೆಯಿತು. ಎಲ್ಲ ಅಳತೆಗಳನ್ನೂ ಅರುವತ್ತರ ಗುಣಕಗಳಿಗೆ ಇಳಿಸಿ, ನಿಂತ ಬೆಣೆ ಮತ್ತು ಮೂಲೆಯ ಬೆಣೆ ಎಂಬ ಎರಡೇ ಗುರುತುಗಳಿಂದ ಬರೆಯುವ ಕ್ರಮವು ಆ ಕಾಲಕ್ಕೆ ಕಾಣಿಸಿಕೊಳ್ಳುತ್ತದೆ. ನಿಂತ ಬೆಣೆಗೆ ಒಂದು, ಮೂಲೆಯ ಬೆಣೆಗೆ ಹತ್ತು. ಐವತ್ತೊಂಬತ್ತರ ತನಕ ಇವುಗಳನ್ನು ಕೂಡಿಸಿ ಬರೆಯಬೇಕು. ಮುಂದಿನ ಅರುವತ್ತಕ್ಕೆ ಮತ್ತೆ ಅದೇ ನಿಂತ ಬೆಣೆ, ಆದರೆ ಒಂದು ಸ್ಥಾನ ಎಡಕ್ಕೆ. ಆದುದರಿಂದ ಒಂದು ಬೆಣೆಯನ್ನು ೧ ಎಂದೂ ಓದಬಹುದು, ೬೦ ಎಂದೂ, ೩೬೦೦ ಎಂದೂ, ಅರುವತ್ತನೆಯ ಒಂದು ಭಾಗವೆಂದೂ ಓದಬಹುದು. ನಮ್ಮ ದೃಷ್ಟಿಗೆ ಇದು ದೊಡ್ಡ ದೋಷ. ಆದರೆ ಕರಣಿಕನಿಗೆ ಇದೇ ಅನುಕೂಲವಾಗಿತ್ತು. ಪ್ರಮಾಣವನ್ನು ಅವನು ನೆನಪಿನಲ್ಲಿಟ್ಟುಕೊಂಡು ಗುಣಾಕಾರವನ್ನು ಮಾತ್ರ ಮಣ್ಣಿನ ಮೇಲೆ ನಡೆಸುತ್ತಿದ್ದನು.

ಇಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಸಂಗತಿಯೊಂದುಂಟು. ಆ ಕಾಲದ ಬೆಳ್ಳಿಯ ಲೆಕ್ಕದ ಒಂದು ಫಲಕದಲ್ಲಿ ಕೂಡಬೇಕಾದ ಮೊತ್ತಗಳನ್ನು ಸ್ಥಾನಬೆಲೆಯ ಕ್ರಮದಲ್ಲಿ ಬರೆದು, ಕೊನೆಯ ಮೊತ್ತವನ್ನು ಮಾತ್ರ ಮಿನಾ, ಶೆಕೆಲ್ ಎಂಬ ರೂಢಿಯ ತೂಕಗಳಲ್ಲಿ ಹಳೆಯ ಅಂಕಿಗಳಿಂದ ಬರೆದಿದೆ. ಇತರ ಸರ್ಕಾರಿ ಫಲಕಗಳಲ್ಲಿ ಈ ಕೊನೆಯ ರೂಪವೊಂದೇ ಇದೆ. ಲೆಕ್ಕ ಮುಗಿದ ಮೇಲೆ ಕರಡನ್ನು ಅಳಿಸಿ ಮಣ್ಣನ್ನು ಮತ್ತೆ ನಾದುತ್ತಿದ್ದರು. ದೈವವಶಾತ್ ಕೆಲವು ಕರಡುಗಳು ಉಳಿಯದೆ ಹೋಗಿದ್ದರೆ, ಆ ಸರ್ಕಾರಿ ಕಡತಗಳನ್ನಷ್ಟೇ ಓದಿದ ಇತಿಹಾಸಕಾರನು ಊರಿನ ಕರಣಿಕರಿಗೆ ಸ್ಥಾನಬೆಲೆಯು ತಿಳಿದಿರಲಿಲ್ಲವೆಂದು ನಿಸ್ಸಂಶಯವಾಗಿ ಬರೆದುಬಿಡುತ್ತಿದ್ದನು.

ಕ್ರಿ. ಪೂ. ೧೮೦೦ರ ಆಸುಪಾಸಿನ ಶಾಲೆಗಳಲ್ಲಿ ಈ ವಿದ್ಯೆಯು ಪರಾಕಾಷ್ಠೆಗೇರಿತು. ನಿಪ್ಪುರ್ ಮೊದಲಾದ ನಗರಗಳಲ್ಲಿ ಬಾಲಕರು ಬರೆದು ಅಭ್ಯಾಸ ಮಾಡಿದ ಗುಣಾಕಾರದ ಮಗ್ಗಿಗಳೂ, ವ್ಯುತ್ಕ್ರಮಗಳ ಕೋಷ್ಟಕಗಳೂ ನೂರಾರು ದೊರೆತಿವೆ. ಭಾಗಾಕಾರವನ್ನು ಅವರು ಮಾಡುತ್ತಿರಲಿಲ್ಲ. ಎಂಟರಿಂದ ಭಾಗಿಸಬೇಕಾದರೆ ಅರುವತ್ತನ್ನು ಎಂಟಾಗಿ ಭಾಗಿಸಿದಾಗ ಬರುವ ಏಳೂವರೆಯಿಂದ, ಅಂದರೆ '೭, ೩೦' ಎಂಬ ಸಂಖ್ಯೆಯಿಂದ, ಗುಣಿಸಿದರಾಯಿತು. ಏಳು, ಹನ್ನೊಂದು, ಹದಿಮೂರುಗಳಿಗೆ ಹೀಗೆ ಮುಗಿಯುವ ವ್ಯುತ್ಕ್ರಮವಿಲ್ಲದ ಕಾರಣ ಕೋಷ್ಟಕದಲ್ಲಿ ಅವನ್ನು ಬಿಟ್ಟಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿರುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದಾದ ಒಂದು ಫಲಕದ ಮೇಲೆ ಕರ್ಣಗಳ ಸಹಿತವಾದ ಒಂದು ಚೌಕವಿದೆ. ಅದರ ಭುಜ ೩೦. ಕರ್ಣದ ಮೇಲೆ '೧, ೨೪, ೫೧, ೧೦' ಎಂದೂ ಅದರ ಕೆಳಗೆ '೪೨, ೨೫, ೩೫' ಎಂದೂ ಬರೆದಿದೆ. ಮೊದಲನೆಯದನ್ನು ನಮ್ಮ ದಶಮಾನಕ್ಕೆ ತಿರುಗಿಸಿದರೆ ೧.೪೧೪೨೧೨೯೬ ಆಗುತ್ತದೆ, ಇದು ಎರಡರ ವರ್ಗಮೂಲ. ನಿಜವಾದ ಬೆಲೆಗೂ ಇದಕ್ಕೂ ಇರುವ ವ್ಯತ್ಯಾಸವು ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ನಿಖರವಾಗಿ ಎಣಿಸಿದವರ ಬಳಿ ಬರಿದಾದ ಸ್ಥಾನಕ್ಕೆ ಒಂದು ಗುರುತೂ ಇರಲಿಲ್ಲವೆಂಬುದನ್ನು ನೆನೆದರೆ ಸೊನ್ನೆಯೊಂದನ್ನೇ ಗಣಿತದ ಅಳತೆಗೋಲನ್ನಾಗಿ ಮಾಡಿಕೊಳ್ಳುವುದು ಎಷ್ಟು ಅಸಮಂಜಸವೆಂಬುದು ವಿದಿತವಾಗುತ್ತದೆ. ಬರಿದಾದ ಸ್ಥಾನಕ್ಕೆ ಎರಡು ಓರೆಬೆಣೆಗಳ ಗುರುತು ಬಂದದ್ದು ಒಂದೂವರೆ ಸಾವಿರ ವರ್ಷಗಳ ಮೇಲೆ, ಸೆಲ್ಯೂಕಸ್ ವಂಶದ ಕಾಲದ ಖಗೋಳಕೋಷ್ಟಕಗಳಲ್ಲಿ. ಅದೂ ಸ್ಥಾನವು ಖಾಲಿಯೆಂದು ತಿಳಿಸುವ ಗುರುತೇ ಹೊರತು ಕೂಡುವ ಕಳೆಯುವ ಸಂಖ್ಯೆಯಾಗಿರಲಿಲ್ಲ.

ಈಜಿಪ್ಟಿನ ಅಂಕಿಗಳು ಇದಕ್ಕಿಂತ ಸರಳ. ಒಂದಕ್ಕೆ ಗೀಟು, ನೂರಕ್ಕೆ ಸುತ್ತಿದ ಹಗ್ಗ, ಸಾವಿರಕ್ಕೆ ತಾವರೆ, ಹತ್ತು ಸಾವಿರಕ್ಕೆ ಬೆರಳು, ಲಕ್ಷಕ್ಕೆ ಗೊದಮೊಟ್ಟೆ, ಹತ್ತು ಲಕ್ಷಕ್ಕೆ ಕೈಗಳನ್ನೆತ್ತಿದ ದೇವತೆ. ಸುಮಾರು ಕ್ರಿ. ಪೂ. ೩೧೦೦ರ ನಾರ್ಮರ್ ಅರಸನ ಗದೆಯ ತಲೆಯ ಮೇಲೆ ೪,೦೦,೦೦೦ ದನಗಳು, ೧೪,೨೨,೦೦೦ ಆಡುಗಳು, ೧,೨೦,೦೦೦ ಸೆರೆಯಾಳುಗಳು ಎಂದು ಕೆತ್ತಲಾಗಿದೆ. ಇದು ಅಕ್ಷರಶಃ ನಿಜವಾದ ಲೆಕ್ಕವೆಂದು ನಂಬುವ ಅಗತ್ಯವಿಲ್ಲ. ಅರಸರ ಗದೆಗಳೂ ಪ್ರಶಸ್ತಿಗಳೂ ಎಲ್ಲ ದೇಶಗಳಲ್ಲಿಯೂ ಧಾರಾಳವಾಗಿಯೇ ಎಣಿಸುತ್ತವೆ. ಕರಣಿಕರು ಮಾತ್ರ ಪಪೈರಸ್ಸಿನ ಮೇಲೆ ಈ ಚಿತ್ರಗಳನ್ನು ಬರೆಯುತ್ತ ಕುಳಿತಿರಲಿಲ್ಲ. ಅವರ ಶೀಘ್ರಲಿಪಿಯಲ್ಲಿ ಪ್ರತಿಯೊಂದು ಬಿಡಿಗೂ, ಹತ್ತಕ್ಕೂ, ನೂರಕ್ಕೂ ಪ್ರತ್ಯೇಕವಾದ ಒಂದೊಂದೇ ಚಿಹ್ನೆಯಿತ್ತು. ಸುಮಾರು ಕ್ರಿ. ಪೂ. ೧೫೫೦ರಲ್ಲಿ ಆಹ್ಮೆಸ್ ಎಂಬ ಲಿಪಿಕಾರನು ಇನ್ನೂ ಹಳೆಯ ಮೂಲದಿಂದ ಪ್ರತಿಮಾಡಿದ, ಈಗ ರಿಂಡ್ ಪಪೈರಸ್ ಎಂದು ಹೆಸರಾಗಿರುವ ಗ್ರಂಥದಲ್ಲಿ ಗುಣಾಕಾರವೆಲ್ಲ ದ್ವಿಗುಣಿಸುವುದರಿಂದಲೇ ನಡೆಯುತ್ತದೆ. ಈ ಕ್ರಮದಲ್ಲಿ ಹನ್ನೆರಡನ್ನು ಹದಿಮೂರರಿಂದ ಗುಣಿಸಬೇಕಾದರೆ ೧೨, ೨೪, ೪೮, ೯೬ ಎಂದು ಇಮ್ಮಡಿಸುತ್ತ ಹೋಗಿ, ಒಂದು, ನಾಲ್ಕು, ಎಂಟರ ಸಾಲುಗಳನ್ನು ಆರಿಸಿ ಕೂಡಿದರೆ ೧೫೬ ಬರುತ್ತದೆ. ಮಗ್ಗಿಯ ಹಂಗೇ ಇಲ್ಲ.

ಗ್ರೀಕರೂ ರೋಮನರೂ ಈ ಭೇದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷಿಗಳು. ಗ್ರೀಕರು ಇಪ್ಪತ್ತೇಳು ಅಕ್ಷರಗಳನ್ನೇ ಅಂಕಿಗಳನ್ನಾಗಿ ಬಳಸಿದರು: ಒಂಬತ್ತು ಬಿಡಿಗಳಿಗೆ, ಒಂಬತ್ತು ಹತ್ತುಗಳಿಗೆ, ಒಂಬತ್ತು ನೂರುಗಳಿಗೆ. ಇವುಗಳಿಂದ ಬರೆಯುವುದು ಸುಲಭ. ಲೆಕ್ಕ ಮಾಡುವುದು ಪ್ರಯಾಸ. ಆದರೆ ಸಾಮಾನ್ಯ ಲೆಕ್ಕವನ್ನು ಅವರು ಇವುಗಳಿಂದ ಮಾಡುತ್ತಲೇ ಇರಲಿಲ್ಲ. ಗೆರೆಯೆಳೆದ ಹಲಗೆಯ ಮೇಲೆ ಹರಳುಗಳನ್ನು ಸರಿಸಿ ಮಾಡುತ್ತಿದ್ದರು. ೧೮೪೬ರಲ್ಲಿ ಸಲಾಮಿಸ್ ದ್ವೀಪದಲ್ಲಿ ಅಂತಹ ಅಮೃತಶಿಲೆಯ ಹಲಗೆಯೊಂದು ದೊರೆತಿದೆ. ಗ್ರೀಕರು ಹರಳುಗಳಿಂದ ಎಣಿಸುವಾಗ ಕೈಯನ್ನು ಎಡದಿಂದ ಬಲಕ್ಕೂ, ಈಜಿಪ್ಟಿನವರು ಬಲದಿಂದ ಎಡಕ್ಕೂ ಒಯ್ಯುತ್ತಾರೆಂದು ಹೆರೊಡೋಟಸನು ತನ್ನ ಎರಡನೆಯ ಪುಸ್ತಕದಲ್ಲಿ ಹೇಳಿದ್ದಾನೆ. ಹಲಗೆಯ ಮೇಲೆ ಒಂದು ಗೆರೆಯಲ್ಲಿ ಇಟ್ಟ ಹರಳಿಗೆ ಒಂದು ಬೆಲೆ, ಪಕ್ಕದ ಗೆರೆಗೆ ಸರಿಸಿದರೆ ಬೇರೆ ಬೆಲೆ. ಹರಳಿಲ್ಲದ ಗೆರೆಯು ತಾನಾಗಿಯೇ ಸೊನ್ನೆ. ರೋಮನ್ ಅಂಕಿಗಳಿಂದ ಗುಣಾಕಾರ ಮಾಡಲಾಗದೆಂದು ಪಠ್ಯಪುಸ್ತಕಗಳಲ್ಲಿ ಹಾಸ್ಯ ಮಾಡುವುದುಂಟು. ರೋಮನರು ಹಲಗೆಯ ಮೇಲೆ ಗುಣಿಸಿ, ಬಂದ ಉತ್ತರವನ್ನಷ್ಟೇ ಅಂಕಿಗಳಲ್ಲಿ ಬರೆದರು. ಚೀನದಲ್ಲಿ ಬಿದಿರಿನ ಕಡ್ಡಿಗಳನ್ನು ಒಂದು ಸ್ಥಾನದಲ್ಲಿ ನಿಲ್ಲಿಸಿ ಮುಂದಿನ ಸ್ಥಾನದಲ್ಲಿ ಅಡ್ಡಲಾಗಿಸಿ ಹತ್ತರ ಸ್ಥಾನಕ್ರಮವನ್ನು ಪೂರ್ಣವಾಗಿಯೇ ಸಾಧಿಸಿದ್ದರು. ಖಾಲಿ ಸ್ಥಾನವನ್ನು ಖಾಲಿಯಾಗಿಯೇ ಬಿಡುತ್ತಿದ್ದರು.

ಹೀಗಿರುವಾಗ ಭಾರತದ ಸಾಕ್ಷ್ಯವನ್ನು ಹೇಗೆ ಓದಬೇಕು? ಸಿಂಧೂ ನಗರಗಳ ತೂಕದ ಕಲ್ಲುಗಳು ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುತ್ತ ಹೋಗುತ್ತವೆ; ಆದರೆ ಲಿಪಿಯನ್ನು ಓದಲಾಗದಿರುವುದರಿಂದ ಆ ವಿಚಾರವನ್ನು ಇಲ್ಲಿ ಬೆಳೆಸಿ ಪ್ರಯೋಜನವಿಲ್ಲ. ಕರ್ನಾಟಕದ ನೆಲದಲ್ಲಿ ಅಂಕಿಗಳಿಂದ ಬರೆದ ಸಂಖ್ಯೆಗಳಲ್ಲಿ ಉಪಲಬ್ಧವಾಗಿರುವ ಹಳೆಯದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿದೆ, ಇದನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ಅಲ್ಲಿ ೨೫೬ ಎಂಬ ಸಂಖ್ಯೆಯನ್ನು ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಹೀಗೆ ಮೂರು ಬ್ರಾಹ್ಮೀ ಚಿಹ್ನೆಗಳಿಂದ ಬರೆದಿದೆ. ಸ್ಥಾನಬೆಲೆಯ ಸುಳಿವಿಲ್ಲ. ಸಾತವಾಹನರ ನಾನೇಘಾಟ್ ಶಾಸನದಲ್ಲಿ ಯಜ್ಞದ ದಕ್ಷಿಣೆಯಾಗಿ ಕೊಟ್ಟ ಗೋವುಗಳ ಲೆಕ್ಕ ಬರುತ್ತದೆ. ೧೭೦೦ ಎಂಬುದನ್ನು ಬರೆಯಲು ಸಾವಿರದ ಚಿಹ್ನೆಯನ್ನೂ, ಏಳನ್ನು ಜೋಡಿಸಿದ ನೂರರ ಚಿಹ್ನೆಯನ್ನೂ ಬಳಸಿದೆ. ಇದು ಈಜಿಪ್ಟಿನ ಶೀಘ್ರಲಿಪಿಯ ಅಂಕಿಗಳಿಗೆ ಹತ್ತಿರವಾದ ಕ್ರಮ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಿ. ಆರ್. ಕೇ ಎಂಬ ವಿದ್ವಾಂಸನು ಇಂತಹ ಶಾಸನಗಳನ್ನು ಮುಂದಿಟ್ಟು, ತಾಮ್ರಪಟಗಳಲ್ಲಿ ಬಹುಪಾಲನ್ನು ಕೃತ್ರಿಮವೆಂದು ತಳ್ಳಿ, ಸ್ಥಾನಬೆಲೆಯು ಭಾರತದಲ್ಲಿ ಹುಟ್ಟಿತೆಂಬುದನ್ನೇ ನಿರಾಕರಿಸಿದನು. ಕ್ರಿ. ಶ. ೫೯೫ರ ಸಂಖೇಡಾ ತಾಮ್ರಪಟದ ಪ್ರಾಮಾಣ್ಯವು ಇಂದಿಗೂ ವಿವಾದಾಸ್ಪದವಾಗಿರುವುದರಿಂದ ಅವನ ಎಚ್ಚರಿಕೆಯಲ್ಲಿ ಸ್ವಲ್ಪ ಹುರುಳುಂಟು. ಆದರೆ ಶಾಸನದಲ್ಲಿ ಇಲ್ಲದಿರುವುದು ಬಳಕೆಯಲ್ಲಿಯೂ ಇರಲಿಲ್ಲವೆಂದು ಭಾವಿಸಿದುದು ಅವನ ತರ್ಕದ ಮೂಲದೋಷ. ಇದನ್ನು ತೋರಿಸಲು ನಮಗೆ ದೂರ ಹೋಗಬೇಕಾಗಿಲ್ಲ. ಐಹೊಳೆಯ ಮೇಗುತಿ ದೇವಾಲಯಕ್ಕೆ ಹೋದರೆ ಸಾಕು.

ಇಮ್ಮಡಿ ಪುಲಕೇಶಿಯ ಪ್ರಶಸ್ತಿಯಾದ ಐಹೊಳೆಯ ಶಾಸನವನ್ನು ರವಿಕೀರ್ತಿಯು ರಚಿಸಿದ್ದು ಕ್ರಿ. ಶ. ೬೩೪-೩೫ರಲ್ಲಿ. ಅದರ ಕಾಲವನ್ನು ಎರಡು ಗಣನೆಗಳಿಂದ ಹೇಳಿದೆ: ಭಾರತಯುದ್ಧದಿಂದ ೩೭೩೫ ವರ್ಷಗಳು, ಶಕರಾಜರ ಕಾಲದಿಂದ ೫೫೬ ವರ್ಷಗಳು. ಇವೆರಡೂ ಅಂಕಿಗಳಲ್ಲಿಲ್ಲ, ಮಾತುಗಳಲ್ಲಿವೆ. ಮಾತುಗಳಾದರೂ ಸ್ಥಾನಕ್ರಮದಲ್ಲಿವೆಯೆ? ಇಲ್ಲ. ಮೊದಲ ಸಂಖ್ಯೆಯು ಮೂವತ್ತು, ಮೂರು ಸಾವಿರ, ಏಳುನೂರು, ಐದು ಎಂಬ ಅನುಕ್ರಮದಲ್ಲಿ ಬರುತ್ತದೆ. ಎರಡನೆಯದು ಐವತ್ತು, ಆರು, ಐನೂರು ಎಂದು. ಛಂದಸ್ಸಿಗೆ ಹೊಂದುವಂತೆ ಕವಿಯು ಸಂಖ್ಯೆಯ ಅವಯವಗಳನ್ನು ಹಿಂದುಮುಂದಾಗಿ ಜೋಡಿಸಿದ್ದಾನೆ. ಈ ಶಾಸನವೊಂದೇ ಉಳಿದಿದ್ದರೆ, ಏಳನೆಯ ಶತಮಾನದ ಭಾರತೀಯರಿಗೆ ಸ್ಥಾನಬೆಲೆಯ ಪರಿಚಯವಿರಲಿಲ್ಲವೆಂದು ಯಾರಾದರೂ ನಿರ್ಧರಿಸಬಹುದಾಗಿತ್ತು. ಆದರೆ ಆ ವೇಳೆಗೆ ಆರ್ಯಭಟನು ಒಂದು ಸ್ಥಾನಕ್ಕಿಂತ ಮುಂದಿನದು ಹತ್ತರಷ್ಟು ಎಂಬ ನಿಯಮವನ್ನು ಹೇಳಿ, ಅದನ್ನೇ ಅವಲಂಬಿಸಿ ವರ್ಗಮೂಲ ಘನಮೂಲಗಳ ವಿಧಾನವನ್ನು ಬೋಧಿಸಿ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದುವು. ವರಾಹಮಿಹಿರನು ಶಕ ೪೨೭ ಎಂಬುದನ್ನು ಏಳು, ಅಶ್ವಿನೀದೇವತೆಗಳು, ವೇದಗಳು ಎಂಬ ಭೂತಸಂಖ್ಯೆಗಳಿಂದ, ಬಿಡಿಯ ಸ್ಥಾನದಿಂದ ಮೊದಲುಮಾಡಿ, ಸೂಚಿಸಿದ್ದನು. ಬ್ರಹ್ಮಗುಪ್ತನು ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದು, ಅದನ್ನು ಸ್ಥಾನಪೂರಕವಾದ ಗುರುತಿನಿಂದ ಸಂಖ್ಯೆಯ ಪದವಿಗೆ ಏರಿಸಿದ್ದು ಕ್ರಿ. ಶ. ೬೨೮ರಲ್ಲಿ, ಅಂದರೆ ಐಹೊಳೆಯ ಶಾಸನಕ್ಕಿಂತ ಆರೇ ವರ್ಷ ಮೊದಲು. ರವಿಕೀರ್ತಿಗೆ ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಪ್ರಶಸ್ತಿಯಲ್ಲಿ ಲೆಕ್ಕದ ಅಂಕಿಗಳಿಗೆ ಸ್ಥಳವಿರಲಿಲ್ಲ.

ಲೆಕ್ಕವು ನಡೆಯುತ್ತಿದ್ದ ಸ್ಥಳವೇ ಬೇರೆ. ನಮ್ಮ ಪ್ರಾಚೀನರು ಅಂಕಗಣಿತವನ್ನು ಪಾಟೀಗಣಿತವೆಂದೂ ಧೂಲಿಕರ್ಮವೆಂದೂ ಕರೆದರು. ಹಲಗೆಯ ಮೇಲೆ ಧೂಳನ್ನು ಹರಡಿ ಬರೆಯುವ, ಒರೆಸುವ ವಿದ್ಯೆಯದು. ಹಳ್ಳಿಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದ ಪೀಳಿಗೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಸೊಪೊಟೇಮಿಯದ ಕರಡು ಫಲಕವು ಒಣಗಿ ಅಕಸ್ಮಾತ್ತಾಗಿ ಉಳಿಯಬಹುದು. ಧೂಳಿನ ಮೇಲಿನ ಲೆಕ್ಕವು ಉಳಿಯುವಂತಿಲ್ಲ. ಆದುದರಿಂದ ದಶಮಾನ ಸ್ಥಾನಬೆಲೆಯ ಆರಂಭವನ್ನು ಮೊದಲ ಶಾಸನದ ತೇದಿಗೆ ಕಟ್ಟಿಹಾಕುವುದು ಸರ್ವಥಾ ಸಾಧುವಲ್ಲ. ಹಲಗೆಯ ಮೇಲಿನ ಅಂಕಿಯು ದಾಖಲೆಗೆ ಎಂದು ಏರಿತೆಂಬುದನ್ನಷ್ಟೇ ಶಾಸನಗಳು ತಿಳಿಸಬಲ್ಲವು.

ಹಾಗೆ ಏರಿದುದಕ್ಕೆ ನಿರ್ವಿವಾದವಾದ ಹಳೆಯ ಸಾಕ್ಷಿಯು ದೊರೆತದ್ದು ಕಾಂಬೋಡಿಯದ ಸಾಂಬೋರ್ ಎಂಬಲ್ಲಿ. ಖ್ಮೇರ್ ಭಾಷೆಯ ಆ ಶಾಸನದಲ್ಲಿ ಶಕ ೬೦೫, ಎಂದರೆ ಕ್ರಿ. ಶ. ೬೮೩, ಎಂಬುದನ್ನು ಮೂರು ಅಂಕಿಗಳಿಂದ, ನಡುವೆ ಬಿಂದುವಿಟ್ಟು ಬರೆದಿದೆ. ಜಾರ್ಜ್ ಸೆದೇಸ್ ಅವರು ೧೯೩೧ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಕೇಯ ವಾದವನ್ನು ಖಂಡಿಸಿದರು. ಆ ದೇಶದ ಸಂಸ್ಕೃತ ಶ್ಲೋಕಗಳಲ್ಲಿ ತೇದಿಗಳು ಭೂತಸಂಖ್ಯೆಗಳಲ್ಲಿಯೂ, ದೇಶಭಾಷೆಯ ಗದ್ಯದಲ್ಲಿ ಅಂಕಿಗಳಲ್ಲಿಯೂ ಇರುವುದನ್ನು ಅವರು ಗುರುತಿಸಿದ್ದು ನಮ್ಮ ದೃಷ್ಟಿಯಿಂದ ಬೆಲೆಯುಳ್ಳದ್ದು. ಕನ್ನಡ ನಾಡಿನಲ್ಲಿಯೂ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಗದ್ಯಶಾಸನಗಳಲ್ಲಿ ಶಕವರ್ಷವನ್ನು ಅಂಕಿಗಳಿಂದ ಬರೆಯುವುದು ಸಾಮಾನ್ಯವಾಗಿದೆ. ಭಾರತದಲ್ಲಿ ವೃತ್ತಾಕಾರದ ಸೊನ್ನೆಗೆ ಪ್ರಸಿದ್ಧ ನಿದರ್ಶನವಾದ ಗ್ವಾಲಿಯರಿನ ಕ್ರಿ. ಶ. ೮೭೬ರ ಶಾಸನವು ಒಂದು ಹೂದೋಟದ ದಾನಪತ್ರ: ೨೭೦ ಹಸ್ತ ಉದ್ದ, ೧೮೭ ಹಸ್ತ ಅಗಲದ ನೆಲ, ದೇವರಿಗೆ ದಿನಕ್ಕೆ ೫೦ ಮಾಲೆ. ಇಲ್ಲಿಯೂ ಸೊನ್ನೆಯು ಬಂದಿರುವುದು ಉಗ್ರಾಣದ ಬಾಗಿಲಿನಿಂದಲೇ. ಬಕ್ಷಾಲಿ ಹಸ್ತಪ್ರತಿಯ ಬಿಂದುಗಳನ್ನು ಇನ್ನೂ ಹಿಂದಕ್ಕೆ ಒಯ್ಯುವ ಪ್ರಯತ್ನವು ೨೦೧೭ರಲ್ಲಿ ನಡೆಯಿತು. ಆದರೆ ಒಂದೇ ಪ್ರತಿಯ ಹಾಳೆಗಳಿಗೆ ಇಂಗಾಲ ಪರೀಕ್ಷೆಯು ಶತಮಾನಗಳ ಅಂತರವುಳ್ಳ ಕಾಲಗಳನ್ನು ಕೊಟ್ಟಿರುವುದರಿಂದ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಗ್ವಾಲಿಯರಿನ ಶಾಸನವನ್ನು ಕೆತ್ತುವ ಹೊತ್ತಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿ, ಇಪ್ಪತ್ತನಾಲ್ಕು ಸ್ಥಾನಗಳ ತನಕ ಹೆಸರುಗಳನ್ನು ಕೊಟ್ಟಾಗಿತ್ತು. ಭಾರತದ ಒಂಬತ್ತು ಚಿಹ್ನೆಗಳ ಕೀರ್ತಿಯು ಅದಕ್ಕೂ ಹಿಂದೆಯೇ ಪಶ್ಚಿಮಕ್ಕೆ ಮುಟ್ಟಿತ್ತು. ಸಿರಿಯದ ಸೆವೆರಸ್ ಸೆಬೋಕ್ತ್ ಎಂಬ ಬಿಷಪ್ಪನು ಕ್ರಿ. ಶ. ೬೬೨ರಲ್ಲಿ ಅವುಗಳನ್ನು ಹೊಗಳಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿಯೂ, ೧೨೦೨ರಲ್ಲಿ ಪೀಸಾದ ಲಿಯೊನಾರ್ಡೊ ಫಿಬೊನಾಚಿಯೂ ಈ ಅಂಕಿಗಳ ಮೇಲೆ ಗ್ರಂಥಗಳನ್ನು ಬರೆದರು. ಅಷ್ಟಾದರೂ ೧೨೯೯ರಲ್ಲಿ ಫ್ಲಾರೆನ್ಸಿನ ಹಣವ್ಯಾಪಾರಿಗಳ ಸಂಘವು ತನ್ನ ಸದಸ್ಯರ ಲೆಕ್ಕದ ಪುಸ್ತಕಗಳಲ್ಲಿ ಮೊತ್ತಗಳನ್ನು ಹೊಸ ಅಂಕಿಗಳಿಂದ ಬರೆಯಕೂಡದು, ಅಕ್ಷರಗಳಲ್ಲಿಯೇ ಬರೆಯತಕ್ಕದ್ದೆಂದು ವಿಧಿಸಿತು. ಲೆಕ್ಕವನ್ನು ಹೇಗೆ ಬೇಕಾದರೂ ಮಾಡಿಕೊಳ್ಳಲಿ, ದಾಖಲೆಯು ಮಾತ್ರ ತಿದ್ದಲಾಗದಂತಿರಬೇಕು ಎಂಬುದು ಇದರ ಅಭಿಪ್ರಾಯವಾಗಿರಬೇಕು. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿ ಬರೆದು ಮತ್ತೆ ಅಕ್ಷರದಲ್ಲಿ ಬರೆಯುವ ನಮಗೆ ಇದು ತೀರ ಅಸಂಗತವೆನಿಸದು. ಫ್ಲಾರೆನ್ಸಿನವರು ಈ ನಿಯಮವನ್ನು ಮಾಡುವ ವೇಳೆಗೆ, ಕನ್ನಡದಲ್ಲಿ ರಾಜಾದಿತ್ಯನ ವ್ಯವಹಾರಗಣಿತವು ಹುಟ್ಟಿ ನೂರು ವರ್ಷಗಳಾದರೂ ಸಂದಿದ್ದುವು.